ಮರಳುನಾಡಿನ ತೆರೆಯ ಮೇಲೆ ಯೇಸು!

ಎಲ್ಲಿ, ಒಂದು ಊಹೆ ಮಾಡಿ ನೋಡೋಣ.

ಇಸವಿ 2004. ಊರು ದುಬೈ. ಚಿತ್ರಮಂದಿರದ ದೀಪ ಆರಿದೆ. ತೆರೆಯ ಮೇಲೆ ಒಂದು ತೋಟ, ಸರಿರಾತ್ರಿ, ಮಸುಕು ಬೆಳದಿಂಗಳು. ಒಬ್ಬಾತ ನಡುಗುತ್ತ ಪ್ರಾರ್ಥಿಸುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಸಿಪಾಯಿಗಳು ಬರುತ್ತಾರೆ. ಹಿಡಿಯುತ್ತಾರೆ. ಚಾವಟಿಯಿಂದ ಬಾರಿಸುತ್ತಾರೆ. ಶಿಲುಬೆ ಹೊರಿಸುತ್ತಾರೆ.

ಆತ ಯೇಸು. ಅಷ್ಟು ನಿಮಗೆ ಗೊತ್ತಾಗಿಯೇ ಹೋಯಿತು. ಆದರೆ ಆ ತೋಟದಲ್ಲಿ ಆತ ಪ್ರಾರ್ಥಿಸುತ್ತಿರುವುದು ಯಾವ ಭಾಷೆಯಲ್ಲಿ?

ಇಂಗ್ಲಿಷ್? ಅಲ್ಲ! ಅರಬ್ಬಿ? ಅಲ್ಲವೇ ಅಲ್ಲ! ಲ್ಯಾಟಿನ್? ಅದು ರೋಮನ್ ಸಿಪಾಯಿಗಳ ಬಾಯಲ್ಲಿದೆ.

ಉತ್ತರವನ್ನು ಈಗಲೇ ಹೇಳುವುದಿಲ್ಲ. ಯಾಕೆಂದರೆ ಆ ಉತ್ತರ ನಮ್ಮನ್ನು ಅಬುಧಾಬಿಯ ಒಂದು ದ್ವೀಪಕ್ಕೆ, 1,400 ವರ್ಷ ಹಿಂದಕ್ಕೆ ಕರೆದೊಯ್ಯುತ್ತದೆ. ಮೊದಲು ಇನ್ನೊಂದು ಬೆರಗು ಮುಗಿಸೋಣ.

ಆ ಚಿತ್ರ ದುಬೈಯಲ್ಲಿ ತೆರೆ ಕಂಡದ್ದೇ ಒಂದು ಅಚ್ಚರಿ!

ಮೆಲ್ ಗಿಬ್ಸನ್ ನಿರ್ದೇಶಿಸಿದ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಅದು. ಇಸ್ಲಾಮಿನಲ್ಲಿ ಯೇಸು, ಅಂದರೆ ಈಸಾ, ಪ್ರವಾದಿ. ಪ್ರವಾದಿಗಳನ್ನು ನಟರ ಮೂಲಕ ತೋರಿಸುವುದಕ್ಕೆ ಮುಸ್ಲಿಂ ವಿದ್ವಾಂಸರಲ್ಲಿ ಹೆಚ್ಚಿನವರ ಒಪ್ಪಿಗೆಯಿಲ್ಲ. ಮೇಲಾಗಿ, ಈಸಾ ಶಿಲುಬೆಯ ಮೇಲೆ ಸಾಯಲಿಲ್ಲ ಎಂಬುದು ಅಲ್ಲಿನ ನಂಬಿಕೆ. ಈ ಚಿತ್ರದಲ್ಲಿ ಇರುವುದೇ ಶಿಲುಬೆ! ಮೊದಲಿಂದ ಕೊನೆಯವರೆಗೆ ಶಿಲುಬೆ!

ನೆರೆಯ ಕುವೈತ್ ಬಾಗಿಲು ಹಾಕಿತು. ಯುಎಇ ತೆರೆಯಿತು!

ಹಾಗಾದರೆ ಅಲ್ಲಿ ಬೈಬಲ್ ಚಿತ್ರಗಳೆಲ್ಲ ಸಲೀಸಾಗಿ ಬರುತ್ತವೆ ಅಂದುಕೊಂಡಿರಾ? ಇಲ್ಲ! ಹತ್ತು ವರ್ಷ ಮುಂದೆ ಬನ್ನಿ. 2014. ‘ನೋಹ’ ಬಂತು. ಯುಎಇಯಲ್ಲಿ ಪ್ರದರ್ಶನಕ್ಕೆ ತಡೆ. ಅದೇ ವರ್ಷದ ಕೊನೆಗೆ ಮೋಶೆಯ ಕಥೆ ಹೇಳುವ ‘ಎಕ್ಸೋಡಸ್’. ಅದಕ್ಕೂ ತಡೆ. ‘ನೋಹ’ನನ್ನು ತಡೆದಾಗ ಅಧಿಕಾರಿಗಳು ಕೊಟ್ಟ ಕಾರಣ ಕೇಳಿ: ಅದರ ಕೆಲವು ದೃಶ್ಯಗಳು ಇಸ್ಲಾಮಿಗೆ ಮಾತ್ರವಲ್ಲ, ಬೈಬಲ್ಲಿಗೂ ಹೊಂದುವುದಿಲ್ಲ! ಅರಬ್ ದೇಶವೊಂದರ ಸೆನ್ಸಾರು ಬೈಬಲ್ಲಿನ ಪರವಾಗಿಯೂ ಮಾತಾಡಿತ್ತು. ನಂಬುತ್ತೀರಾ?

ಇನ್ನೊಂದು ಪ್ರಶ್ನೆ. ಯುಎಇಯ ಕ್ರೈಸ್ತರಿಗೆ ವಾರದ ದೊಡ್ಡ ಪೂಜೆ ಯಾವ ದಿನ?

ಭಾನುವಾರ ಎಂದಿರಾ? 2021ರ ಕೊನೆಯವರೆಗೂ ಅದು ಶುಕ್ರವಾರ! ವಾರದ ರಜೆ ಇದ್ದದ್ದು ಶುಕ್ರವಾರಕ್ಕೆ. ಹಾಗಾಗಿ ಭಾನುವಾರದ ಬಲಿಪೂಜೆಯನ್ನು ಜನ ಶುಕ್ರವಾರವೇ ಮುಗಿಸುತ್ತಿದ್ದರು. ಈಗ ಇದರ ಫಲ ನೋಡಿ. ಯೇಸು ಸತ್ತ ದಿನವೆಂದು ಆಚರಿಸುವ ಶುಭ ಶುಕ್ರವಾರ ಆಗ ಪ್ರತಿ ವರ್ಷವೂ ತಪ್ಪದೆ ರಜೆ. ಎದ್ದು ಬಂದ ಈಸ್ಟರ್ ಭಾನುವಾರ ಮಾತ್ರ ಕಚೇರಿಯ ದಿನ, ಶಾಲೆಯ ದಿನ!

ಇಡೀ ಮನೆ ಒಟ್ಟಿಗೆ ಕೂತು ಯೇಸುವಿನ ಚಿತ್ರ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಟು ಬೇಕಿತ್ತೇ? ಬೆಳಗ್ಗೆ ಉಪವಾಸ. ಮಧ್ಯಾಹ್ನ ಶಿಲುಬೆಯ ಹಾದಿ. ಸಂಜೆ ಟಿವಿಯ ಮುಂದೆ ಅಪ್ಪ, ಅಮ್ಮ, ಮಕ್ಕಳು, ಊರಿಂದ ವೀಸಾ ಮೇಲೆ ಬಂದಿರುವ ಅಜ್ಜಿ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ, ಓದು ಕನ್ನಡ, ಪಕ್ಕದ ಫ್ಲ್ಯಾಟಿನವರೊಂದಿಗೆ ತುಳು. ತೆರೆಯ ಮೇಲೆ ಯೇಸು!

2022ರ ಜನವರಿಯಿಂದ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂತು. ಈಸ್ಟರಿಗೆ ಬಿಡುವು ಸಿಕ್ಕಿತು. ಶುಭ ಶುಕ್ರವಾರ ಮಧ್ಯಾಹ್ನದವರೆಗೆ ಕೆಲಸ!

ಸರಿ, ಈಗ ಭಾಷೆಯ ಗುಟ್ಟು.

ಆ ಚಿತ್ರದಲ್ಲಿ ಯೇಸು ಮಾತಾಡುವುದು ಅರಾಮಿಕ್! 2,000 ವರ್ಷದ ಹಿಂದೆ ಗಲಿಲಾಯದ ಜನ ಮನೆಯಲ್ಲಿ, ಸಂತೆಯಲ್ಲಿ ಆಡುತ್ತಿದ್ದ ಭಾಷೆ. ವಿಲಿಯಂ ಫಲ್ಕೊ ಎಂಬ ಜೆಸ್ವಿತ್ ಪಾದ್ರಿ ಕೂತು ಸಂಭಾಷಣೆಗಳನ್ನು ಅರಾಮಿಕ್ಕಿಗೂ ಲ್ಯಾಟಿನ್ನಿಗೂ ತಿರುಗಿಸಿದರು. ಗಿಬ್ಸನ್‌ಗೆ ಮೊದಲು ತೆರೆಯ ಕೆಳಗೆ ಅಕ್ಷರಗಳನ್ನು ಹಾಕುವುದೂ ಬೇಡವಾಗಿತ್ತು! ಸುಮಾರು 3 ಕೋಟಿ ಡಾಲರ್ ಖರ್ಚಿನ ಚಿತ್ರ. ನೋಡುಗರಲ್ಲಿ ಹೆಚ್ಚಿನವರಿಗೆ ಅರ್ಥವಾಗದ ಭಾಷೆ. ಗಳಿಸಿದ್ದು? 60 ಕೋಟಿ ಡಾಲರಿಗೂ ಮಿಗಿಲು!

ಚಿತ್ರೀಕರಣದಲ್ಲಿ ಯೇಸು ಪಾತ್ರಧಾರಿ ಜಿಮ್ ಕವೀಜಲ್ ಅವರಿಗೆ ಸಿಡಿಲು ಬಡಿಯಿತು. ಬದುಕಿದರು! ಸಹಾಯಕ ನಿರ್ದೇಶಕರೊಬ್ಬರಿಗೆ ಎರಡು ಸಲ ಬಡಿಯಿತು. ಅವರೂ ಬದುಕಿದರು!

ಆದರೆ ನನ್ನ ಉಸಿರು ನಿಲ್ಲಿಸಿದ್ದು ಸಿಡಿಲಲ್ಲ. ಅಬುಧಾಬಿಯ ಪಶ್ಚಿಮಕ್ಕೆ ಕಡಲಲ್ಲಿರುವ ಸರ್ ಬನಿ ಯಾಸ್ ದ್ವೀಪ.

ಇಂದು ಅಲ್ಲಿ ಜಿಂಕೆಗಳಿವೆ, ಜಿರಾಫೆಗಳಿವೆ, ರೆಸಾರ್ಟುಗಳಿವೆ. 1992ರಲ್ಲಿ ಪುರಾತತ್ವ ತಂಡವೊಂದು ಅಲ್ಲಿ ನೆಲ ಶೋಧಿಸುತ್ತಿತ್ತು. ಮಣ್ಣಿನಡಿ ಗೋಡೆಗಳು ಸಿಕ್ಕವು. ಅಗೆಯುತ್ತ ಹೋದರು. ಗಾರೆಯಲ್ಲಿ ಅಚ್ಚು ಹಾಕಿದ ಅಲಂಕಾರಗಳು ಸಿಕ್ಕವು. ಆ ಅಲಂಕಾರಗಳ ನಡುವೆ ಏನಿತ್ತು, ಊಹಿಸಿ!

ಶಿಲುಬೆ!

ಅದು ಕ್ರೈಸ್ತ ಸನ್ಯಾಸಿಗಳ ಮಠ. ಸುಮಾರು 1,400 ವರ್ಷ ಹಳೆಯದು. ಒಂದು ದೇವಾಲಯ, ಸುತ್ತ ಸನ್ಯಾಸಿಗಳ ಪುಟ್ಟ ಕೋಣೆಗಳು. ಆಚೆ ಮುತ್ತು, ಮೀನು, ಕಡಲವ್ಯಾಪಾರ. 2010ರಲ್ಲಿ ಸಾರ್ವಜನಿಕರಿಗೂ ತೆರೆದರು. 2025ರಲ್ಲಿ ಮತ್ತೆ ಅಗೆತ ನಡೆಯಿತು, ಗಾರೆಯ ಇನ್ನೊಂದು ಶಿಲುಬೆ ಹೊರಬಂತು! ಇದೊಂದೇ ಮಠ ಎಂದುಕೊಳ್ಳಬೇಡಿ. 2022ರಲ್ಲಿ ಉಮ್ಮ್ ಅಲ್ ಕ್ವೈನ್‌ನ ಸಿನಿಯಾ ದ್ವೀಪದಲ್ಲೂ ಇಂಥದೇ ಮಠ ಪತ್ತೆಯಾದ ಸುದ್ದಿ ಬಂತು.

ಈಗ ಕಿವಿಗೊಡಿ. ಸರ್ ಬನಿ ಯಾಸ್‌ನ ಸನ್ಯಾಸಿಗಳು ಪೂರ್ವದ ಕ್ರೈಸ್ತ ಸಭೆಗೆ ಸೇರಿದವರು. ಆ ಸಭೆಯ ಪ್ರಾರ್ಥನೆಯ ಭಾಷೆ ಸಿರಿಯಾಕ್. ಸಿರಿಯಾಕ್ ಯಾವ ಭಾಷೆಯ ಕವಲು ಗೊತ್ತೇ?

ಅರಾಮಿಕ್!

ಅಂದರೆ 2004ರಲ್ಲಿ ದುಬೈ ಚಿತ್ರಮಂದಿರದ ಸ್ಪೀಕರಿನಿಂದ ಬಂದ ಭಾಷೆ ಈ ನಾಡಿಗೆ ಪರಕೀಯವೇ ಅಲ್ಲ. ಅದರ ಮರಿಭಾಷೆಯಲ್ಲಿ ಇದೇ ಕೊಲ್ಲಿಯ ದಂಡೆಯಲ್ಲಿ ಸನ್ಯಾಸಿಗಳು ಮುಂಜಾನೆ ಎದ್ದು ಯೇಸುವಿನ ಹೆಸರು ಹೇಳಿದ್ದರು. ಆ ದನಿ ಎಷ್ಟೋ ಶತಮಾನ ಅಡಗಿತ್ತು. ಮತ್ತೆ ಅದು ಇಷ್ಟು ಜನರ ಕಿವಿಗೆ ಬಿದ್ದದ್ದು ಸಿನಿಮಾದಿಂದ! ನನಗೆ ಇದು ಗೊತ್ತಾದ ದಿನ ಆ ಚಿತ್ರವನ್ನು ಮೊದಲಿಂದ ಮತ್ತೆ ಹಾಕಿ ಕೂತೆ. ಈ ಸಲ ಕೆಳಗಿನ ಅಕ್ಷರ ಓದಲಿಲ್ಲ. ಬರೀ ಕೇಳಿದೆ!

ಅಬುಧಾಬಿಯಲ್ಲೇ ಇನ್ನೊಂದು ನಿಮಿಷ ಇರಿ. ಮುಶ್ರಿಫ್ ಬಡಾವಣೆಯಲ್ಲಿ ಸಂತ ಜೋಸೆಫರ ಪ್ರಧಾನ ದೇವಾಲಯವಿದೆ. ಅದರ ಹತ್ತಿರವೇ ಒಂದು ಮಸೀದಿ. ಅದರ ಹೆಸರೇನು?

‘ಮರ್ಯಮ್ ಉಮ್ಮ್ ಈಸಾ’. ಯೇಸುವಿನ ತಾಯಿ ಮರಿಯಳ ಹೆಸರಿನ ಮಸೀದಿ!

2017ರವರೆಗೆ ಅದಕ್ಕೆ ಬೇರೆ ಹೆಸರಿತ್ತು: ಶೇಖ್ ಮೊಹಮ್ಮದ್ ಬಿನ್ ಜಾಯೆದ್ ಮಸೀದಿ. ಹೆಸರು ಬದಲಿಸಿ ಎಂದು ಆದೇಶಿಸಿದವರು ಯಾರು? ಆಗ ಅಬುಧಾಬಿಯ ಯುವರಾಜರಾಗಿದ್ದ, ಇಂದು ಯುಎಇ ಅಧ್ಯಕ್ಷರಾಗಿರುವ, ಅದೇ ಶೇಖ್ ಮೊಹಮ್ಮದ್ ಬಿನ್ ಜಾಯೆದ್! ತಮ್ಮ ಹೆಸರನ್ನು ತೆಗೆಸಿ ಮರಿಯಳ ಹೆಸರು ಇಟ್ಟರು. ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಏಕೈಕ ಮಹಿಳೆಯೂ ಆಕೆಯೇ. ಯೇಸುವಿನ ಚಿತ್ರದಲ್ಲಿ ತಾಯಿ ಶಿಲುಬೆಯ ಬುಡದಲ್ಲಿ ನಿಲ್ಲುವ ದೃಶ್ಯವನ್ನು ಇಂಥ ಊರಿನಲ್ಲಿ ಕೂತು ನೋಡುವುದು ಎಂದರೆ ಏನು, ನೀವೇ ಯೋಚಿಸಿ.

ಇದೇ ಅಬುಧಾಬಿಯ ಜಾಯೆದ್ ಕ್ರೀಡಾನಗರಿಯಲ್ಲಿ 2019ರ ಫೆಬ್ರುವರಿ 5ರಂದು ಪೋಪ್ ಫ್ರಾನ್ಸಿಸ್ ಬಲಿಪೂಜೆ ಅರ್ಪಿಸಿದರು. ಸೇರಿದವರು ಸುಮಾರು 1,80,000 ಜನ! ಒಳಗೆ ಜಾಗ ಸಿಗದವರು ಹೊರಗೆ ದೊಡ್ಡ ತೆರೆಗಳ ಮುಂದೆ ನಿಂತು ನೋಡಿದರು.

ಈಗ ನಿಮಗೊಂದು ಪರೀಕ್ಷೆ. ಮನೆಮಂದಿಯೆಲ್ಲ ಸೇರಿ ಆಡಬಹುದು.

ಫ್ರಾಂಕೊ ಝೆಫಿರೆಲ್ಲಿ ಮಾಡಿದ, 1977ರ ‘ಜೀಸಸ್ ಆಫ್ ನಜರೆತ್’ ಹಾಕಿ. ಆರು ಗಂಟೆಗೂ ಮೀರಿದ ಧಾರಾವಾಹಿ. ಯೇಸುವಾಗಿ ರಾಬರ್ಟ್ ಪವೆಲ್. ಅವರ ಕಣ್ಣನ್ನೇ ನೋಡಿ. ಎಷ್ಟು ಸಲ ರೆಪ್ಪೆ ಮಿಟುಕಿಸುತ್ತಾರೆ, ಎಣಿಸಿ.

ಎಣಿಸಿದಿರಾ? ಎಣಿಸಲು ಹೆಚ್ಚೇನೂ ಸಿಗುವುದಿಲ್ಲ! ಯೇಸು ರೆಪ್ಪೆ ಮಿಟುಕಿಸುವುದು ಬೇಡ ಎಂದು ಬೇಕೆಂದೇ ಹಾಗೆ ಮಾಡಿದ್ದು. ಕಣ್ಣಿನ ನೀಲಿ ಇನ್ನಷ್ಟು ಆಳವಾಗಿ ಕಾಣಲೆಂದು ರೆಪ್ಪೆಯಂಚಿಗೆ ಬಣ್ಣವನ್ನೂ ತೀಡಿದ್ದರು. ಇನ್ನೂ ತಮಾಷೆಯ ಸಂಗತಿ: ಪವೆಲ್ ಅವರನ್ನು ಮೊದಲು ಯೋಚಿಸಿದ್ದು ಯೇಸುವಿಗಲ್ಲ. ಯೂದನ ಪಾತ್ರಕ್ಕೆ! ಗುರುವನ್ನು ಹಿಡಿದುಕೊಟ್ಟವನ ಪಾತ್ರಕ್ಕೆ! ಆ ಕಣ್ಣುಗಳೇ ಅವರನ್ನು ಯೇಸುವನ್ನಾಗಿಸಿದವು.

ಆ ಧಾರಾವಾಹಿಯ ಜೆರುಸಲೇಮು ಎಲ್ಲಿಯದು? ಟ್ಯುನೀಸಿಯ, ಮೊರಾಕೊ! ಅರಬ್ ನಾಡುಗಳು! ಅರಬ್ ಕಲ್ಲು, ಅರಬ್ ಬಿಸಿಲು, ಗುಂಪಿನ ದೃಶ್ಯಗಳಲ್ಲಿ ಅರಬ್ ಮುಖಗಳು. ಅಷ್ಟೇಕೆ, 1912ಕ್ಕೆ ಹೋಗಿ. ‘ಫ್ರಮ್ ದಿ ಮ್ಯಾಂಜರ್ ಟು ದಿ ಕ್ರಾಸ್’ ಎಂಬ ಮೂಕಿಚಿತ್ರ. ಹೆರೋದನಿಗೆ ಹೆದರಿ ಮರಿಯ, ಜೋಸೆಫ್ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡುತ್ತಾರಲ್ಲ, ಆ ದೃಶ್ಯ. ತಂಡ ಎಲ್ಲಿ ತೆಗೆಯಿತು ಗೊತ್ತೇ? ನಿಜವಾದ ಈಜಿಪ್ಟಿನಲ್ಲಿ! ನಿಜವಾದ ಸ್ಫಿಂಕ್ಸಿನ ಎದುರಲ್ಲಿ! ಚಿತ್ರಕಥೆ ಬರೆದ ಜೀನ್ ಗಾಂಟಿಯರ್ ಅವರೇ ಮರಿಯಳಾಗಿ ನಟಿಸಿದರು.

ಮುಖವನ್ನೇ ತೋರಿಸದ ಯೇಸುವೂ ಇದ್ದಾನೆ. 1959ರ ‘ಬೆನ್‌ಹರ್’ ನೆನಪಿದೆಯೇ? ರಥದ ಓಟ ನೋಡುತ್ತ ಇದನ್ನು ಗಮನಿಸದೆ ಬಿಟ್ಟಿರಬಹುದು. ಬಾಯಾರಿ ಬಿದ್ದ ನಾಯಕನಿಗೆ ನೀರು ಕೊಡುವ ಕೈ ಕಾಣುತ್ತದೆ, ಬೆನ್ನು ಕಾಣುತ್ತದೆ, ಕೂದಲು ಕಾಣುತ್ತದೆ. ಮುಖ? ಇಲ್ಲವೇ ಇಲ್ಲ! ಆ ಪಾತ್ರ ಮಾಡಿದವರು ಕ್ಲಾಡ್ ಹೀಟರ್ ಎಂಬ ಒಪೆರಾ ಗಾಯಕ. ಹಾಡುಗಾರ, ಆದರೆ ಒಂದು ಮಾತೂ ಇಲ್ಲ!

ದುಬೈಯಿಂದ ಕೊಲ್ಲಿ ದಾಟಿದರೆ ಇರಾನ್. ಅಲ್ಲಿ ನಾದೆರ್ ತಾಲೆಬ್‌ಜಾದೆ 2007ರ ಸುಮಾರಿಗೆ ಯೇಸುವಿನ ಮೇಲೊಂದು ಚಿತ್ರ ಮಾಡಿದರು. ಮುಸ್ಲಿಂ ನಿರ್ದೇಶಕ, ಈಸಾ ಪ್ರವಾದಿಯ ಕಥೆ. ಕೊನೆಗೆ ಏನು ಮಾಡಿದರು? ಶಿಲುಬೆ ಇಡುವುದೇ, ಬಿಡುವುದೇ?

ಎರಡೂ! ಚಿತ್ರಕ್ಕೆ ಎರಡು ಅಂತ್ಯ! ಒಂದು ಕ್ರೈಸ್ತರು ನಂಬುವಂತೆ, ಇನ್ನೊಂದು ಮುಸ್ಲಿಮರು ನಂಬುವಂತೆ.

ಯೇಸುವಾಗಿ ನಟಿಸಿದವರನ್ನೂ ನೋಡಿ. 2015ರ ‘ಕಿಲ್ಲಿಂಗ್ ಜೀಸಸ್’ ಚಿತ್ರದ ಹಾಝ್ ಸ್ಲೈಮಾನ್ ಲೆಬನಾನಿನವರು, ಮುಸ್ಲಿಂ ಮನೆಯಲ್ಲಿ ಬೆಳೆದವರು. ಇಂದು ಜಗತ್ತು ಮುಗಿಬಿದ್ದು ನೋಡುತ್ತಿರುವ ‘ದಿ ಚೋಸನ್’ ಸರಣಿಯ ಜೊನಾಥನ್ ರೂಮಿ ಅವರ ತಂದೆ ಹುಟ್ಟಿದ್ದು ಈಜಿಪ್ಟಿನಲ್ಲಿ! ಆ ಸರಣಿಯ ಮೊದಲ ಕಂತುಗಳಿಗೆ ದುಡ್ಡು ಕೊಟ್ಟದ್ದು ದೊಡ್ಡ ಸ್ಟುಡಿಯೊ ಅಲ್ಲ. ಸುಮಾರು 16 ಸಾವಿರ ಸಾಮಾನ್ಯ ಜನ ಸೇರಿ 1 ಕೋಟಿ ಡಾಲರ್ ಒಟ್ಟು ಮಾಡಿದರು. ನಗುವ ಯೇಸು, ಮದುವೆಮನೆಯಲ್ಲಿ ಕುಣಿಯುವ ಯೇಸು, ಮಕ್ಕಳೊಂದಿಗೆ ಹರಟುವ ಯೇಸು! ದುಬೈ ಮೆಟ್ರೊದಲ್ಲಿ ನಿಂತು ಮೊಬೈಲಿನಲ್ಲಿ ನೋಡಬಹುದಾದ ಯೇಸು!

ಇರಲಿ, ಯೇಸು ಕನ್ನಡ ಮಾತಾಡಿದ್ದಾನೆಯೇ?

ಮಾತಾಡಿದ್ದಾನೆ! 1979ರ ‘ಜೀಸಸ್’ ಚಿತ್ರ. ಬ್ರಯನ್ ಡೀಕನ್ ನಾಯಕ. ಲೂಕನ ಶುಭಸಂದೇಶವನ್ನೇ ಆಧಾರವಾಗಿ ಇಟ್ಟುಕೊಂಡು, ಇಸ್ರೇಲಿನಲ್ಲಿ ತೆಗೆದದ್ದು. ಅದಕ್ಕೆ ಕನ್ನಡ ದನಿ ಇದೆ. ಅದು ಒಟ್ಟು ಎಷ್ಟು ಭಾಷೆಗಳಿಗೆ ಹೋಗಿದೆ, ಹೇಳಿ ನೋಡೋಣ. 50? 100? 500?

2,000ಕ್ಕೂ ಹೆಚ್ಚು! ಜಗತ್ತಿನಲ್ಲಿ ಅತಿ ಹೆಚ್ಚು ಭಾಷೆಗಳಿಗೆ ಹೋದ ಚಿತ್ರವೆಂದು ಗಿನ್ನೆಸ್ ದಾಖಲೆ! ಯುಎಇಯಲ್ಲಿ ಇದರ ಬೆಲೆ ಬೇರೆಯೇ. ಒಂದೇ ಕಟ್ಟಡದಲ್ಲಿ ಫಿಲಿಪ್ಪೀನ್ಸಿನ ನರ್ಸ್, ಇಥಿಯೋಪಿಯದ ಮನೆಗೆಲಸದಾಕೆ, ತಮಿಳುನಾಡಿನ ಎಲೆಕ್ಟ್ರಿಷಿಯನ್, ಕುಂದಾಪುರದ ಲೆಕ್ಕಿಗ. ನಾಲ್ವರೂ ಒಂದೇ ಚಿತ್ರವನ್ನು ಒಂದೇ ರಾತ್ರಿ ತಮ್ಮ ತಮ್ಮ ತಾಯಿಮಾತಿನಲ್ಲಿ ನೋಡಬಹುದು!

ನಮ್ಮವರಿಗೆ ಈ ಕಥೆ ತೆರೆಯಿಂದಲೇ ಬಂದದ್ದೂ ಅಲ್ಲ. ಕನಕಪುರದ ಬಳಿಯ ಹಾರೋಬೆಲೆಯಲ್ಲಿ ನೂರು ವರ್ಷಕ್ಕೂ ಹಳೆಯ ‘ಮಹಿಮೆ’ ಇದೆ. ಯೇಸುವಿನ ಪಾಡನ್ನು ಊರವರೇ ವೇಷ ಹಾಕಿ ಆಡುತ್ತಾರೆ. ಕಾಸರಗೋಡಿನ ಕಡೆ ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೇ ಬರೆದರು. ಪಕ್ಕದ ತೆಲುಗಿನಲ್ಲಿ 1978ರ ‘ಕರುಣಾಮಯುಡು’. ವಿಜಯಚಂದರ್ ಯೇಸು. ನಿರ್ದೇಶಕ ಭೀಮ್‌ಸಿಂಗ್ ಆ ವರ್ಷದ ಜನವರಿಯಲ್ಲೇ ತೀರಿಕೊಂಡರು, ಚಿತ್ರ ಬಿಡುಗಡೆಯಾದದ್ದು ಡಿಸೆಂಬರಿನಲ್ಲಿ! ಹಿಂದಿಯಲ್ಲಿ ‘ದಯಾಸಾಗರ್’ ಆಗಿ, ಪ್ರೊಜೆಕ್ಟರ್ ಹೊತ್ತ ಗಾಡಿಗಳಲ್ಲಿ ಅದು ಹಳ್ಳಿ ಹಳ್ಳಿ ಸುತ್ತಿತು.

ಇಷ್ಟೆಲ್ಲ ಹೇಳಿದರೂ ಎಲ್ಲಕ್ಕಿಂತ ದೊಡ್ಡದನ್ನು ಇನ್ನೂ ಹೇಳಿಲ್ಲ!

ದುಬೈ, ಅಬುಧಾಬಿಯ ಚಿತ್ರಮಂದಿರಗಳಲ್ಲಿ ಇಂದು ಹಿಂದಿ ಚಿತ್ರ ಓಡುತ್ತದೆ. ಮಲಯಾಳ ಓಡುತ್ತದೆ. ಕನ್ನಡ ಚಿತ್ರವೂ ಬರುತ್ತದೆ. ಈ ಭಾರತೀಯ ಸಿನಿಮಾ ಎಂಬುದು ಹುಟ್ಟಿದ್ದು ಹೇಗೆ?

1910-11ರ ಕಾಲ. ಮುಂಬಯಿ, ಗಿರಗಾಂವ್. ಅಮೆರಿಕ-ಇಂಡಿಯಾ ಪಿಕ್ಚರ್ ಪ್ಯಾಲೇಸ್. ನಲವತ್ತರ ಹರೆಯದ, ಕೆಲಸ ಬಿಟ್ಟು ಕೂತಿದ್ದ ಒಬ್ಬ ಮರಾಠಿ ಗೃಹಸ್ಥ ಒಳಗೆ ಹೋದರು. ತೆರೆಯ ಮೇಲೆ ಚಿತ್ರ ಅಲುಗಿತು. ಜನ ನಡೆದರು, ಪವಾಡಗಳು ನಡೆದವು. ಆ ಗೃಹಸ್ಥ ಕಣ್ಣೆವೆಯಿಕ್ಕದೆ ನೋಡಿದರು. ಅವರ ಮನಸ್ಸಿನಲ್ಲಿ ರಾಮ ಬಂದ, ಕೃಷ್ಣ ಬಂದ. ನಮ್ಮ ದೇವರುಗಳನ್ನು ನಾವು ಹೀಗೆ ಎಂದು ನೋಡುತ್ತೇವೆ ಎಂಬ ಹಸಿವು ಹುಟ್ಟಿತು. ಹೆಂಡತಿ ಸರಸ್ವತಿಬಾಯಿಯವರನ್ನೂ ಕರೆದೊಯ್ದು ಅದೇ ಚಿತ್ರ ತೋರಿಸಿದರು. ವಿಮಾ ಪಾಲಿಸಿ ಅಡವಿಟ್ಟು ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. 1913ರ ಮೇ 3ರಂದು ಗಿರಗಾಂವ್‌ನ ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’!

ಹೌದು, ದಾದಾಸಾಹೇಬ್ ಫಾಲ್ಕೆ! ಅಂದು ಗಿರಗಾಂವ್‌ನ ತೆರೆಯ ಮೇಲೆ ಅವರು ನೋಡಿದ್ದು ಏನು?

‘ಕ್ರಿಸ್ತನ ಜೀವನ’!

ಯೇಸುವಿನ ಚಿತ್ರದಿಂದ ಹರಿಶ್ಚಂದ್ರ ಹುಟ್ಟಿದ! ನಮ್ಮ ರಾಘವಾಂಕ ಹಾಡಿದ ಹರಿಶ್ಚಂದ್ರ, 1965ರಲ್ಲಿ ರಾಜಕುಮಾರ್ ಕನ್ನಡದ ತೆರೆಗೆ ತಂದ ಅದೇ ಹರಿಶ್ಚಂದ್ರ, ಮೊದಲ ಸಲ ಸಿನಿಮಾ ಆದದ್ದು ಒಬ್ಬಾತ ಯೇಸುವನ್ನು ನೋಡಿ ಬೆರಗಾದದ್ದರಿಂದ! ಸುಳ್ಳಾಡದ್ದಕ್ಕೆ ಮಸಣ ಕಾದ ಅರಸ, ಸತ್ಯಕ್ಕಾಗಿ ಶಿಲುಬೆ ಹೊತ್ತ ಬಡಗಿಯ ಮಗ. ಭಾರತೀಯ ಸಿನಿಮಾ ಬಾಗಿಲು ತೆರೆದದ್ದೇ ಇವರಿಬ್ಬರ ನಡುವೆ.

ಇನ್ನೂ ಇದೆ! ಫಾಲ್ಕೆ ನೋಡಿದ್ದು 1906ರ ಫ್ರೆಂಚ್ ಚಿತ್ರ ಎಂಬುದು ಹಲವರ ಮಾತು. ಅದರಲ್ಲಿ 25 ದೃಶ್ಯಗಳು. ಸುಮಾರು 300 ಸಹನಟರು. ಆ ಕಾಲಕ್ಕೆ ಅದೊಂದು ದೈತ್ಯ ಚಿತ್ರ. ಬೇರೆ ಯೇಸು ಚಿತ್ರಗಳಲ್ಲಿ ಹಿಂದೆ ನಿಲ್ಲುವ ಹೆಂಗಸರು ಅಲ್ಲಿ ಎಲ್ಲೆಲ್ಲೂ ಇದ್ದಾರೆ. ತೊಟ್ಟಿಲ ಬಳಿ, ಹಾದಿಯ ಬದಿಯಲ್ಲಿ, ಶಿಲುಬೆಯ ಕೆಳಗೆ, ಸಮಾಧಿಯ ಬಾಗಿಲಲ್ಲಿ. ಯಾಕಿರಬಹುದು?

ನಿರ್ದೇಶಕರ ಹೆಸರು ಕೇಳಿ: ಆಲಿಸ್ ಗೀ. ಹೆಂಗಸು! ಗೋಮೊ ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದು, 1896ರಲ್ಲೇ ಚಿತ್ರ ಮಾಡಿದ, ಜಗತ್ತಿನ ಮೊದಲ ಮಹಿಳಾ ನಿರ್ದೇಶಕಿ!

ಅವರ ಆ ‘ಕ್ರಿಸ್ತನ ಜೀವನ’ ಇಂದು ಯಾರು ಬೇಕಾದರೂ ನೋಡಲು ಸಿಗುತ್ತದೆ. ಒಂದು ದಿರ್ಹಮ್ ಕೊಡಬೇಕಿಲ್ಲ. ಮಾತಿಲ್ಲದ ಚಿತ್ರವಾದ್ದರಿಂದ ಭಾಷೆಯ ಹಂಗೂ ಇಲ್ಲ. ಇರುವುದು ಸುಮಾರು 33 ನಿಮಿಷ ಅಷ್ಟೇ. ನೀವು ಕ್ರೈಸ್ತರಾಗಿರಿ, ಹಿಂದೂವಾಗಿರಿ, ಮುಸ್ಲಿಮರಾಗಿರಿ, ದುಬೈಯಲ್ಲಿರಿ, ಧಾರವಾಡದಲ್ಲಿರಿ, ಸಿನಿಮಾ ಎಂದರೆ ಪ್ರಾಣ ಬಿಡುವವರಾದರೆ ಈ ವಾರವೇ ಅದನ್ನು ನೋಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ!